ಜಮೈಕಾದ ಒಂದು ಲಕ್ಷ ಕೂಸುಗಳು

1973ರ ಜೂನ್‌ನಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ವಿಕ್ಟೋರಿಯಾ ಜುಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಕೆಲಸ ಶುರುವಾಯಿತು. ಸಹಜ ಹೆರಿಗೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ಹೊಕ್ಕುಳಬಳ್ಳಿಯಿಂದ ಸ್ವಲ್ಪ ರಕ್ತ ತೆಗೆದು ಪರೀಕ್ಷೆ ಮಾಡುವುದು. ಇವರ ಮಗು ಬೇಕು, ಅವರ ಮಗು ಬೇಡ ಅಂತ ಆರಿಸುವಂತಿರಲಿಲ್ಲ. ಸಾಲಾಗಿ ಎಲ್ಲ ಕೂಸುಗಳೂ ಲೆಕ್ಕಕ್ಕೆ ಬರಬೇಕಿತ್ತು. 1981ರ ಡಿಸೆಂಬರ್ ಹೊತ್ತಿಗೆ ಒಂದು ಲಕ್ಷ ಕೂಸುಗಳ ರಕ್ತ ನೋಡಿ ಮುಗಿದಿತ್ತು. ಅವರಲ್ಲಿ 315 ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಸಿಕಲ್ ಜೀನ್, ಅಂದರೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ತರುವ ಜೀನ್, ಬಂದಿತ್ತು.

ಆ ಮಕ್ಕಳನ್ನು ಅಲ್ಲಿಗೇ ಬಿಡಲಿಲ್ಲ. ಅವರು ಬೆಳೆದು ದೊಡ್ಡವರಾಗುವವರೆಗೂ ವೈದ್ಯರು ಜೊತೆಗೇ ಇದ್ದು ನೋಡಿಕೊಂಡರು. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ, ಈ ಕಾಯಿಲೆ ಇಲ್ಲದ 250 ಮಕ್ಕಳನ್ನೂ ಹೋಲಿಸಿ ನೋಡುವುದಕ್ಕಾಗಿ ಜೊತೆಗೆ ಸೇರಿಸಿಕೊಂಡಿದ್ದರು. ಇದರ ಹಿಂದೆ ಇದ್ದವರು ಗ್ರಹಾಂ ಸರ್ಜೆಂಟ್ ಎಂಬ ಇಂಗ್ಲೆಂಡಿನ ವೈದ್ಯರು. ಪ್ರಯೋಗಾಲಯದ ಕೆಲಸದಲ್ಲಿ ಅವರ ಹೆಂಡತಿ ಬೆರಿಲ್ ಜೊತೆಯಾಗಿದ್ದರು.

ಇದೇನು ಅಂಥ ದೊಡ್ಡ ವಿಷಯ ಅನ್ನಿಸಬಹುದು. ನನಗೆ ಮಾತ್ರ ಇದು ವೈದ್ಯಕೀಯದ ಇತಿಹಾಸದಲ್ಲೇ ತುಂಬಾ ಇಷ್ಟವಾದ ಕೆಲಸ. ಅದಕ್ಕೂ ಮೊದಲು ಸಿಕಲ್ ಸೆಲ್ ಕಾಯಿಲೆ ಬಗ್ಗೆ ವೈದ್ಯರಿಗೆ ಗೊತ್ತಿದ್ದದ್ದೆಲ್ಲ ಆಸ್ಪತ್ರೆಗೆ ಬಂದ ರೋಗಿಗಳಿಂದ ಕಲಿತದ್ದು. ಆಸ್ಪತ್ರೆಗೆ ಯಾರು ಬರುತ್ತಾರೆ? ನೋವು ತಡೆಯಲಾರದವರು. ಅಷ್ಟೇನೂ ತೊಂದರೆ ಇಲ್ಲದೆ ಹೊಲ, ಅಂಗಡಿ ಅಂತ ಓಡಾಡಿಕೊಂಡಿದ್ದವರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ ಕೂಸುಗಳೂ ಸಿಗುತ್ತಿರಲಿಲ್ಲ. ಹುಟ್ಟಿದ ದಿನದಿಂದಲೇ ಎಲ್ಲರನ್ನೂ ಲೆಕ್ಕ ಹಿಡಿದಾಗ ಮಾತ್ರ ಈ ಎರಡೂ ಗುಂಪುಗಳು ಕಣ್ಣಿಗೆ ಬೀಳುತ್ತವೆ.

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಎರಡನೇ ವರ್ಷದ ಪಠ್ಯದಲ್ಲಿ ಸಿಕಲ್ ಸೆಲ್ ಬಗ್ಗೆ ಒಂದು ಭಾಗ ಇದೆ. ಬೋರ್ಡಿನ ಮೇಲೆ ಬರೆಯುವುದು ಸುಲಭ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಕೂತಿದೆ. ಇದನ್ನು ವರ್ನನ್ ಇಂಗ್ರಾಂ 1950ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಕಂಡುಹಿಡಿದರು. ಆಮ್ಲಜನಕ ಕಮ್ಮಿಯಾದಾಗ ಇಂಥ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ನಾರಿನಂತೆ ಉದ್ದವಾಗುತ್ತವೆ. ದುಂಡಗಿದ್ದ ಕೆಂಪು ರಕ್ತಕಣ ಬಾಗಿ ಕುಡುಗೋಲಿನಂತಾಗುತ್ತದೆ. ಅದು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮೂಳೆಯೊಳಗೆ ಬರುವ ನೋವು ಅನುಭವಿಸಿದವರಿಗೇ ಗೊತ್ತು. ಸಾಮಾನ್ಯವಾಗಿ 120 ದಿನ ಬಾಳುವ ಕಣ ಹತ್ತಿಪ್ಪತ್ತು ದಿನಕ್ಕೇ ಒಡೆದುಹೋಗುತ್ತದೆ. ಹಾಗಾಗಿ ಮೈಯಲ್ಲಿ ಯಾವಾಗಲೂ ರಕ್ತ ಕಮ್ಮಿ.

ಇಷ್ಟು ಹೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಕೇಳಿದಳು. "ಮೇಡಂ, ಎಲ್ಲರಲ್ಲೂ ಬದಲಾಗಿರೋದು ಒಂದೇ ಅಕ್ಷರ ಅಂದ್ರೆ, ಎಲ್ಲರಿಗೂ ಒಂದೇ ಥರ ಕಾಯಿಲೆ ಬರಬೇಕಲ್ವಾ?"

ಬರುವುದಿಲ್ಲ. ಒಬ್ಬರು ಮೂರನೇ ವರ್ಷಕ್ಕೇ ತೀರಿಕೊಳ್ಳುತ್ತಾರೆ, ಇನ್ನೊಬ್ಬರು ಅರವತ್ತು ದಾಟಿ ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ಯಾಕೆ ಅನ್ನುವುದಕ್ಕೆ ಪಠ್ಯದಲ್ಲಿ ಜಾಗ ಇಲ್ಲ. ಉತ್ತರದ ಬಹುಪಾಲು ಸಿಕ್ಕಿದ್ದು ಆ ದ್ವೀಪದ ಮಕ್ಕಳಿಂದ. ಹಾಗಾಗಿ ಮೊದಲು ಆ ಜೀನ್ ಜಮೈಕಾ ತಲುಪಿದ ದಾರಿ ನೋಡಬೇಕು.

ಜಮೈಕಾದ ಮೂಲ ನಿವಾಸಿಗಳು ಟೈನೋ ಜನ. ಅವರಲ್ಲಿ ಸಿಕಲ್ ಜೀನ್ ಇರಲಿಲ್ಲ. ಮೊದಲು ಸ್ಪೇನಿನವರು ಬಂದರು. 1655ರಲ್ಲಿ ಇಂಗ್ಲಿಷರು ದ್ವೀಪವನ್ನು ವಶಪಡಿಸಿಕೊಂಡು ಕಬ್ಬಿನ ತೋಟಗಳನ್ನು ಹಬ್ಬಿಸಿದರು. ತೋಟಗಳಲ್ಲಿ ದುಡಿಸುವುದಕ್ಕೆ ಪಶ್ಚಿಮ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಸಂಕೋಲೆ ಹಾಕಿ ಹಡಗಿನಲ್ಲಿ ತಂದರು. ಬ್ರಿಟನ್ ಈ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ತೋಟದ ಲೆಕ್ಕದ ಪುಸ್ತಕಗಳಲ್ಲಿ ಈ ಜನರ ನಿಜವಾದ ಹೆಸರು, ಊರು ಇರುವುದು ಅಪರೂಪ. ದನಗಳನ್ನು ಎಣಿಸಿದಂತೆ ಅವರನ್ನು ಎಣಿಸಿದ್ದಾರೆ. ಅವರು ಎಲ್ಲಿಂದ ಬಂದವರು ಅನ್ನುವುದರ ಸುಳಿವು ಮೊಮ್ಮಕ್ಕಳ ಮರಿಮಕ್ಕಳ ರಕ್ತದಲ್ಲಿ ಇತ್ತು.

ಇದು ಹೇಗೆ ತಿಳಿಯುತ್ತದೆ? ತಾಳೆಗರಿ ಗ್ರಂಥಗಳನ್ನು ಓದುವವರು ಒಂದು ಉಪಾಯ ಬಳಸುತ್ತಾರೆ. ಎರಡು ಪ್ರತಿಗಳಲ್ಲಿ ಅದೇ ಅದೇ ಜಾಗದಲ್ಲಿ ಅದೇ ಅದೇ ಕೈತಪ್ಪು ಇದ್ದರೆ, ಎರಡೂ ಒಂದೇ ಮೂಲದಿಂದ ನಕಲಾದವು ಎಂದು ತೀರ್ಮಾನಿಸುತ್ತಾರೆ. ಸಿಕಲ್ ಜೀನ್ ವಿಷಯದಲ್ಲೂ ಹಾಗೇ. ಅದು ಇರುವುದು ಹನ್ನೊಂದನೇ ವರ್ಣತಂತುವಿನಲ್ಲಿ. ಅದರ ಅಕ್ಕಪಕ್ಕದಲ್ಲಿ ಯಾವ ತೊಂದರೆಯನ್ನೂ ಮಾಡದ ಸಣ್ಣಪುಟ್ಟ ಗುರುತುಗಳಿವೆ. ಜೀನ್ ತಲೆಮಾರಿನಿಂದ ತಲೆಮಾರಿಗೆ ಇಳಿಯುವಾಗ ಈ ಗುರುತುಗಳೂ ಗುಂಪಾಗಿ ಜೊತೆಗೇ ಇಳಿಯುತ್ತವೆ. ಈ ಗುಂಪನ್ನು ಹ್ಯಾಪ್ಲೋಟೈಪ್ ಅನ್ನುತ್ತಾರೆ. ಸಿಕಲ್ ಜೀನ್ ಸುತ್ತ ಮುಖ್ಯವಾಗಿ ಐದು ಗುಂಪುಗಳು ಸಿಕ್ಕಿವೆ. ಸೆನೆಗಲ್, ಬೆನಿನ್, ಕ್ಯಾಮರೂನ್, ಬಾಂಟು, ಮತ್ತೆ ನಮ್ಮದು, ಅಂದರೆ ಅರಬ್-ಭಾರತೀಯ.

1984ರಲ್ಲಿ ಜಮೈಕಾದ ಮತ್ತು ಅಮೆರಿಕದ ಕಪ್ಪು ಜನರ ಸಿಕಲ್ ಜೀನ್‌ಗಳನ್ನು ಹೀಗೆ ಓದಿ ನೋಡಿದರು. ಜಮೈಕಾದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಬೆನಿನ್ ಗುಂಪು. ಬಾಂಟು, ಸೆನೆಗಲ್ ಗುಂಪುಗಳೂ ಇವೆ, ಆದರೆ ಕಮ್ಮಿ. ಈಗಿನ ನೈಜೀರಿಯಾ, ಬೆನಿನ್, ಘಾನಾ ದೇಶಗಳ ಕರಾವಳಿಯಿಂದ ಹೊರಟ ಹಡಗುಗಳ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಇದೇ ಬೆನಿನ್ ಗುಂಪು ಇನ್ನೊಂದು ದ್ವೀಪದಲ್ಲೂ ಸಿಗುತ್ತದೆ. ಅದು ಮೆಡಿಟರೇನಿಯನ್ ಸಮುದ್ರದ ಸಿಸಿಲಿ. ಅಲ್ಲಿಗೆ ಅದು ಸಹಾರಾ ಮರುಭೂಮಿ ದಾಟಿ, ಉತ್ತರ ಆಫ್ರಿಕಾದ ಮೂಲಕ ಹೋದದ್ದು. ಸಿಸಿಲಿಯ ಬಿಳಿ ಮೈಬಣ್ಣದ ರೈತನಿಗೂ ಕಿಂಗ್‌ಸ್ಟನ್‌ನ ಕಪ್ಪು ಮೈಬಣ್ಣದ ಬಾಲಕಿಗೂ ಈ ಒಂದು ತುಣುಕಿನ ಮಟ್ಟಿಗೆ ಪೂರ್ವಜರು ಒಬ್ಬರೇ. ಸಿಕಲ್ ಸೆಲ್ ಎಂದರೆ ಒಂದು ಜನಾಂಗದ ಕಾಯಿಲೆ ಅಂತ ಬೇರೆ ಬೇರೆ ದೇಶಗಳಲ್ಲಿ ಜನರನ್ನು ಹೀಯಾಳಿಸಿದ್ದಾರೆ. ಹೀಯಾಳಿಸಿದವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಈ ಐದು ಕಡೆ ಅಕ್ಷರ ಬೇರೆಬೇರೆಯಾಗಿಯೇ ಬದಲಾಯಿತು ಎಂದು ಬಹಳ ಕಾಲ ನಂಬಿದ್ದರು. 2018ರಲ್ಲಿ ಡೇನಿಯಲ್ ಶ್ರೈನರ್ ಮತ್ತು ಚಾರ್ಲ್ಸ್ ರೊಟಿಮಿ ಇಡೀ ಜೀನೋಮ್‌ಗಳನ್ನು ಹೋಲಿಸಿ ನೋಡಿ, ಸುಮಾರು 7,300 ವರ್ಷಗಳ ಹಿಂದೆ ಇದು ಒಂದೇ ಸಲ ಹುಟ್ಟಿ ಎಲ್ಲ ಕಡೆ ಹರಡಿತು ಎಂದರು. ಅಷ್ಟು ದೂರ ಹರಡುವುದಕ್ಕೆ ಕಾರಣ ಮಲೇರಿಯಾ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಪಡೆದ ಮಗುವಿಗೆ ಕಾಯಿಲೆ ಬರುವುದಿಲ್ಲ. ಬದಲಿಗೆ, ಜೀವ ತೆಗೆಯುವಂಥ ಮಲೇರಿಯಾದಿಂದ ಅದು ಬದುಕಿ ಉಳಿಯುವ ಸಾಧ್ಯತೆ ಜಾಸ್ತಿ. ಆಂಥೊನಿ ಆಲಿಸನ್ ಇದನ್ನು 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಜಮೈಕಾದಲ್ಲಿ 1960ರ ದಶಕದಲ್ಲೇ ಮಲೇರಿಯಾ ಹೋಯಿತು. ಜೀನ್ ಉಳಿದುಕೊಂಡಿತು. ಇವತ್ತಿಗೂ ಅಲ್ಲಿ ಹತ್ತರಲ್ಲಿ ಒಬ್ಬರು ಅದರ ವಾಹಕರು, ಅಂದರೆ ಒಬ್ಬರಿಂದ ಮಾತ್ರ ಅದನ್ನು ಪಡೆದವರು.

ಜಮೈಕಾದಲ್ಲಿ ಇನ್ನೊಂದು ಜೀನ್ ಕೂಡ ಬಂದು ಸೇರಿದೆ. ಅದು ಹಿಮೋಗ್ಲೋಬಿನ್ ಸಿ. ಘಾನಾದ ಉತ್ತರ ಭಾಗ, ಬುರ್ಕಿನಾ ಫಾಸೊ ಸುತ್ತ ಇದು ಜಾಸ್ತಿ. ಇಲ್ಲೂ ಬದಲಾಗಿರುವುದು ಅದೇ ಆರನೇ ಜಾಗ, ಆದರೆ ಪಕ್ಕದ ಅಕ್ಷರ. ವ್ಯಾಲೀನ್ ಬದಲು ಲೈಸೀನ್ ಬಂದು ಕೂರುತ್ತದೆ. ಮಲೇರಿಯಾದ ಒತ್ತಡಕ್ಕೆ ಒಂದೇ ಜಾಗದಲ್ಲಿ ಎರಡು ಬೇರೆ ಉತ್ತರಗಳು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಒಬ್ಬರಿಂದ ಸಿಕಲ್, ಇನ್ನೊಬ್ಬರಿಂದ ಸಿ ಬಂದ ಮಕ್ಕಳು ಜಮೈಕಾದಲ್ಲಿ ಸುಮಾರು 500ಕ್ಕೆ ಒಬ್ಬರು. ಅವರಿಗೆ ರಕ್ತಹೀನತೆ ಕಮ್ಮಿ, ನೋವೂ ಕಮ್ಮಿ. ಆದರೆ ಕಣ್ಣಿನ ಪರದೆಯ ತೊಂದರೆ ಅವರಿಗೇ ಜಾಸ್ತಿ.

ಈಗ ಹುಡುಗಿ ಕೇಳಿದ ಪ್ರಶ್ನೆಗೆ ಬರೋಣ. ಇಬ್ಬರು ರೋಗಿಗಳಿದ್ದಾರೆ ಅನ್ನಿ. ಇಬ್ಬರಲ್ಲೂ ಅದೇ ಸಿಕಲ್ ಜೀನ್ ಎರಡೆರಡು ಇವೆ. ಸುತ್ತ ಅದೇ ಬೆನಿನ್ ಗುರುತುಗಳೂ ಇವೆ. ಆದರೂ ಒಬ್ಬರ ಕಾಯಿಲೆ ಇನ್ನೊಬ್ಬರದ್ದನ್ನು ಯಾಕೆ ಹೋಲುವುದಿಲ್ಲ?

ಒಂದು ಕಾರಣ ಭ್ರೂಣದ ಹಿಮೋಗ್ಲೋಬಿನ್. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ರಕ್ತದಲ್ಲಿ ಬೇರೆ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಬೀಟಾ ಸರಪಳಿಯೇ ಇಲ್ಲ. ಹಾಗಾಗಿ ಸಿಕಲ್ ಬದಲಾವಣೆ ಅದನ್ನು ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಅದು ಪಕ್ಕದ ಸಿಕಲ್ ಅಣುಗಳು ಅಂಟಿಕೊಳ್ಳುವುದನ್ನೂ ತಡೆಯುತ್ತದೆ. ಹುಟ್ಟಿದ ಕೂಸು ಮೊದಲ ಕೆಲವು ತಿಂಗಳು ಆರಾಮಾಗಿ ಇರುವುದು ಇದರಿಂದಲೇ. ಆಮೇಲೆ ಇದು ಇಳಿಯುತ್ತಾ ಹೋಗುತ್ತದೆ. ಕೆಲವರಲ್ಲಿ ಬೇಗ ಇಳಿದು ಹೋಗುತ್ತದೆ, ಕೆಲವರಲ್ಲಿ ದೊಡ್ಡವರಾದ ಮೇಲೂ ಸಾಕಷ್ಟು ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದನ್ನು ಸಿಕಲ್ ಜೀನ್ ಒಂದೇ ತೀರ್ಮಾನಿಸುವುದಿಲ್ಲ. ಎರಡನೇ ವರ್ಣತಂತುವಿನ ಮತ್ತು ಆರನೇ ವರ್ಣತಂತುವಿನ ಬೇರೆ ಬೇರೆ ತುಣುಕುಗಳೂ ಸೇರಿ ತೀರ್ಮಾನಿಸುತ್ತವೆ.

ಇನ್ನೊಂದು ಕಾರಣ ಆಲ್ಫಾ ಥಲಸ್ಸೀಮಿಯ. ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಗೆ ನಮ್ಮಲ್ಲಿ ನಾಲ್ಕು ಜೀನ್‌ಗಳಿವೆ. ಜಮೈಕಾದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದರಲ್ಲಿ ಒಂದು ಇರುವುದಿಲ್ಲ. ಕೆಲವರಿಗೆ ಎರಡು ಇರುವುದಿಲ್ಲ. 1982ರಲ್ಲಿ ಡಗ್ಲಸ್ ಹಿಗ್ಸ್, ಸರ್ಜೆಂಟ್ ಮತ್ತು ಜೊತೆಗಾರರು ಜಮೈಕಾದ ಇಂಥ ರೋಗಿಗಳನ್ನು ಹೋಲಿಸಿ ನೋಡಿದರು. ಸಿಕಲ್ ಕಾಯಿಲೆಯ ಜೊತೆ ಎರಡು ಆಲ್ಫಾ ಜೀನ್ ಇಲ್ಲದವರಲ್ಲಿ ರಕ್ತಕಣ ಒಡೆಯುವುದು ಕಮ್ಮಿ. ರಕ್ತಹೀನತೆಯೂ ಕಮ್ಮಿ. ಹಾಗಾದರೆ ಅವರ ಕಾಯಿಲೆ ಹಗುರ ಅಂದುಕೊಳ್ಳುತ್ತೇವೆ ಅಲ್ವಾ? ಹಾಗೂ ಅಲ್ಲ. ಕಣಗಳು ಜಾಸ್ತಿ ಉಳಿದುಕೊಂಡಾಗ ರಕ್ತ ಮಂದವಾಗುತ್ತದೆ. ಮೂಳೆನೋವು, ಸೊಂಟದ ಕೀಲು ಸವೆಯುವುದು ಇವರಲ್ಲಿ ಕಮ್ಮಿಯೇನೂ ಆಗುವುದಿಲ್ಲ. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಇದು ಒಳ್ಳೆಯ ಜೀನ್, ಅದು ಕೆಟ್ಟ ಜೀನ್ ಅಂತ ಸುಮ್ನೆ ಹಣೆಪಟ್ಟಿ ಹಚ್ಚುವುದಕ್ಕೆ ಆಗುವುದಿಲ್ಲ.

ಆದರೆ ಜಮೈಕಾದ ಆ ಮಕ್ಕಳಿಂದ ನಾನು ಕಲಿತ ದೊಡ್ಡ ವಿಷಯ ಜೀನ್‌ಗೆ ಸಂಬಂಧಪಟ್ಟದ್ದಲ್ಲ. ಅದು ಗುಲ್ಮದ್ದು.

ಗುಲ್ಮ ಎಡ ಪಕ್ಕೆಲುಬಿನ ಕೆಳಗೆ ಇರುವ ಅಂಗ. ಸಿಕಲ್ ಕಾಯಿಲೆ ಇರುವ ಎಳೆ ಮಕ್ಕಳಲ್ಲಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ರಕ್ತವೆಲ್ಲ ಗುಲ್ಮದೊಳಗೆ ಹೋಗಿ ತುಂಬಿಕೊಳ್ಳುತ್ತದೆ. ಗುಲ್ಮ ಊದುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ರಕ್ತ ಕೊಡದಿದ್ದರೆ ಕೆಲವೇ ಗಂಟೆಗಳಲ್ಲಿ ಮಗು ಹೋಗಿಬಿಡಬಹುದು. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಇಲ್ಲ. ಇಂಥ ಸಾವಿಗೆ ಮೊದಲು ಕಾರಣವೇ ತಿಳಿಯುತ್ತಿರಲಿಲ್ಲ. ಕಿಂಗ್‌ಸ್ಟನ್‌ನ ಕ್ಲಿನಿಕ್‌ನಲ್ಲಿ ಒಂದು ಸರಳ ದಾರಿ ಹುಡುಕಿದರು. ತಾಯಂದಿರಿಗೆ ಮಗುವಿನ ಹೊಟ್ಟೆ ಮುಟ್ಟಿ ನೋಡುವುದನ್ನು ಕಲಿಸಿದರು. ಬೆರಳುಗಳನ್ನು ಎಲ್ಲಿ ಇಡಬೇಕು, ಗುಲ್ಮದ ಅಂಚು ಕೈಗೆ ಹೇಗೆ ಸಿಗುತ್ತದೆ, ನಿನ್ನೆಗಿಂತ ಇವತ್ತು ದೊಡ್ಡದಾಗಿದೆಯಾ, ಮಗು ಮಂಕಾಗಿದೆಯಾ. ದೊಡ್ಡದಾಗಿದ್ದರೆ ಕೂಡಲೇ ಆಸ್ಪತ್ರೆಗೆ ಓಡಿ ಬರಬೇಕು.

1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದನ್ನು ಕಲಿಸುವ ಮೊದಲು ಹೀಗೆ ಆದ 100 ಸಲದಲ್ಲಿ ಸುಮಾರು 29 ಸಲ ಮಗು ಸಾಯುತ್ತಿತ್ತು. ಕಲಿಸಿದ ಮೇಲೆ ಅದು 3ಕ್ಕೆ ಇಳಿಯಿತು. ಇನ್ನೊಂದು ಅಂಕಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ತಾಯಂದಿರು ನೋಡುವುದಕ್ಕೆ ಶುರು ಮಾಡಿದ ಮೇಲೆ ಪತ್ತೆಯಾದ ಪ್ರಕರಣಗಳು ಎರಡು ಪಟ್ಟಿಗಿಂತ ಜಾಸ್ತಿಯಾದವು. ಮೊದಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದದ್ದು ಈಗ ಅಮ್ಮನ ಕೈಗೆ ಸಿಗುತ್ತಿತ್ತು. ಯಂತ್ರ ಬೇಕಿಲ್ಲ, ದುಡ್ಡು ಬೇಕಿಲ್ಲ. ಮಗುವಿಗೆ ಕಾಯಿಲೆ ಇದೆ ಎಂದು ಹುಟ್ಟಿದಾಗಲೇ ಗೊತ್ತಿರಬೇಕು, ತಾಯಿಗೆ ಯಾರಾದರೂ ಗೌರವದಿಂದ ಕೂರಿಸಿ ಹೇಳಿಕೊಡಬೇಕು, ರಕ್ತ ಸಿಗುವ ಆಸ್ಪತ್ರೆ ಹತ್ತಿರ ಇರಬೇಕು. ಇದೇ ದ್ವೀಪದಲ್ಲಿ ಪೆನ್ಸಿಲಿನ್ ಕೊಟ್ಟು ಎಳೆ ಮಕ್ಕಳನ್ನು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಉಳಿಸುವ ಪ್ರಯೋಗವನ್ನೂ ಮಾಡಿದರು.

ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿದ್ದೂ ಕೆರಿಬಿಯನ್ ದ್ವೀಪದ ಒಬ್ಬ ಹುಡುಗನಲ್ಲೇ. ಗ್ರೆನಡಾದ ವಾಲ್ಟರ್ ಕ್ಲೆಮೆಂಟ್ ನೋಯಲ್ 1904ರಲ್ಲಿ ದಂತವೈದ್ಯ ಆಗಬೇಕು ಅಂತ ಷಿಕಾಗೋಗೆ ಹೋದರು. ಕೆಮ್ಮು, ಕಾಲಿನ ಹುಣ್ಣು ಅಂತ ಆಸ್ಪತ್ರೆಗೆ ಹೋದಾಗ ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ ಅವರ ರಕ್ತದಲ್ಲಿ ಬಾಗಿದ ಕಣಗಳನ್ನು ಕಂಡರು. 1910ರಲ್ಲಿ ಜೇಮ್ಸ್ ಹೆರಿಕ್ ಅದನ್ನು ಪ್ರಕಟಿಸಿದರು. ನೋಯಲ್ ಓದು ಮುಗಿಸಿ ಊರಿಗೆ ಮರಳಿ, ಸೇಂಟ್ ಜಾರ್ಜಸ್‌ನಲ್ಲಿ ದಂತವೈದ್ಯರಾಗಿ ಕೆಲಸ ಮಾಡಿದರು. 1916ರಲ್ಲಿ 32ನೇ ವಯಸ್ಸಿನಲ್ಲಿ ತೀರಿಕೊಂಡರು. ಜಮೈಕಾದ ಕ್ಲಿನಿಕ್‌ನ ರೋಗಿಗಳ ಲೆಕ್ಕ 2001ರಲ್ಲಿ ಹೊರಬಂತು. ಅದರ ಪ್ರಕಾರ ಗಂಡಸರಲ್ಲಿ ಅರ್ಧದಷ್ಟು ಜನ 53 ವರ್ಷ ದಾಟಿ ಬದುಕುತ್ತಾರೆ, ಹೆಂಗಸರಲ್ಲಿ ಅರ್ಧದಷ್ಟು ಜನ 58.5 ವರ್ಷ ದಾಟಿ. ಈ ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ ಏನು ಮಾಡಲು ಸಾಧ್ಯ ಅನ್ನುವುದು ತಿಳಿಯುತ್ತದೆ. ಜೀನ್ ಅದೇ ಇತ್ತು, ಬದಲಾದದ್ದು ಆರೈಕೆ.

ಸರ್ಜೆಂಟ್ ನಮ್ಮ ದೇಶಕ್ಕೂ ಬಂದರು. ಒಡಿಶಾದ ಸಂಬಲ್‌ಪುರದ ಹತ್ತಿರ ಬುರ್ಲಾ ಎಂಬ ಊರಿದೆ. ಅಲ್ಲಿನ ಮೆಡಿಕಲ್ ಕಾಲೇಜಿನ ಬಿ. ಸಿ. ಕರ್ ಮತ್ತು ಜೊತೆಗಾರರೊಂದಿಗೆ ಸೇರಿ, ಒಡಿಶಾದ ರೋಗಿಗಳನ್ನೂ ಜಮೈಕಾದ ರೋಗಿಗಳನ್ನೂ ಹೋಲಿಸಿ 1986ರಲ್ಲಿ ಬರೆದರು. ಒಡಿಶಾದವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ಎಷ್ಟೋ ಜಾಸ್ತಿ. ಆಲ್ಫಾ ಥಲಸ್ಸೀಮಿಯವೂ ಜಾಸ್ತಿ. ಜಮೈಕಾದಲ್ಲಿ ಎಳೆ ವಯಸ್ಸಿನಲ್ಲೇ ಸುರುಟಿ ಹೋಗುವ ಗುಲ್ಮ ಇಲ್ಲಿ ದೊಡ್ಡವರಲ್ಲೂ ಊದಿಕೊಂಡೇ ಇರುತ್ತದೆ. ಜಮೈಕಾದವರನ್ನು ವರ್ಷಗಟ್ಟಲೆ ಕಾಡುವ ಕಾಲಿನ ಹುಣ್ಣು ಇಲ್ಲಿ ತೀರಾ ಅಪರೂಪ.

ನಾವು ಇದರಿಂದ ಒಂದು ಅಪಾಯದ ಮಾತು ಕಲಿತುಬಿಟ್ಟೆವು. ಭಾರತದ ಸಿಕಲ್ ಸೆಲ್ ಹಗುರವಾದದ್ದು ಅನ್ನುವ ಮಾತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಮಹಾರಾಷ್ಟ್ರ, ಗುಜರಾತ್ ಕಡೆಯ ಎಷ್ಟೋ ಮಕ್ಕಳು ನೋವು ತಡೆಯಲಾರದೆ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ಬುರ್ಲಾದಲ್ಲೂ ಹೋಲಿಸಿ ನೋಡಿದ್ದು ಬದುಕಿ ಉಳಿದು ಆಸ್ಪತ್ರೆಗೆ ಬಂದವರನ್ನು. ಊರಿನಲ್ಲೇ ತೀರಿಕೊಂಡ ಕೂಸುಗಳು ಆ ಲೆಕ್ಕದಲ್ಲಿ ಇಲ್ಲ.

ಭ್ರೂಣದ ಹಿಮೋಗ್ಲೋಬಿನ್ ಕಥೆಗೆ ಇನ್ನೊಂದು ದ್ವೀಪ ಬಂದು ಸೇರುತ್ತದೆ. ಇಟಲಿಯ ಸಾರ್ಡಿನಿಯಾ. ಅಲ್ಲಿನ ಜನರ ಜೀನೋಮ್ ಅಧ್ಯಯನದಿಂದ 2008ರಲ್ಲಿ ಒಂದು ವಿಷಯ ಗಟ್ಟಿಯಾಯಿತು. ದೊಡ್ಡವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ಎಷ್ಟು ಉಳಿಯುತ್ತದೆ ಅನ್ನುವುದರಲ್ಲಿ ಎರಡನೇ ವರ್ಣತಂತುವಿನ ಬಿಸಿಎಲ್11ಎ ಎಂಬ ಜೀನ್‌ನ ಪಾತ್ರ ದೊಡ್ಡದು. ಈ ಜೀನ್ ಭ್ರೂಣದ ಹಿಮೋಗ್ಲೋಬಿನ್ ತಯಾರಿಯನ್ನು ನಿಲ್ಲಿಸುತ್ತದೆ. ರಕ್ತ ತಯಾರಿಸುವ ಕಣಗಳಲ್ಲಿ ಇದನ್ನೇ ಕುಗ್ಗಿಸಿದರೆ? 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆ ಮಾಡುವುದು ಇದನ್ನೇ. ಸಂಬಲ್‌ಪುರದ ಕೆಲವರಿಗೆ ಹುಟ್ಟಿನಿಂದಲೇ ಸ್ವಲ್ಪ ಮಟ್ಟಿಗೆ ಸಿಕ್ಕಿದ್ದನ್ನು ಜೀನ್ ಕತ್ತರಿಸಿ ಬೇರೆಯವರಿಗೆ ಕೊಡುವುದು. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಕಿಂಗ್‌ಸ್ಟನ್‌ನ ತಾಯಿಗೂ ಇದು ಎಟುಕುವುದಿಲ್ಲ, ನಮ್ಮ ಪೋಡುಗಳ, ಅಂದರೆ ಸೋಲಿಗ ಬುಡಕಟ್ಟಿನ ಊರುಗಳ, ತಾಯಿಗೂ ಎಟುಕುವುದಿಲ್ಲ. ಹೈಡ್ರಾಕ್ಸಿಯೂರಿಯ ಮಾತ್ರೆಯೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ, ಅಂದರೆ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಿ, ಕೆಲಸ ಮಾಡುತ್ತದೆ. ಅದು ನಮ್ಮ ದೇಶದಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ.

ಪೋಡು ಎಂದು ಸುಮ್ಮನೆ ಹೇಳಲಿಲ್ಲ. ಭಾರತದಲ್ಲಿ ಸಿಕಲ್ ಜೀನ್ ಇರುವುದನ್ನು ಹರ್ಮನ್ ಲೀಮನ್ ಮತ್ತು ಮೇರಿ ಕಟ್‌ಬುಷ್ 1952ರಲ್ಲಿ ತೋರಿಸಿದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಗಡಿ ದಾಟಿದರೆ ಅದೇ ಬೆಟ್ಟಸಾಲು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಈ ಜೀನ್ ಇದೆ.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆ ಅಭಿಯಾನ ಶುರು ಮಾಡಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವ ಗುರಿ. ಕರ್ನಾಟಕವೂ ಇದರಲ್ಲಿದೆ. ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತಾರೆ. ಮದುವೆಗೆ ಮುಂಚೆ ಜಾತಕದ ಬದಲು ಕಾರ್ಡ್ ಹೊಂದಿಸಿ ನೋಡಿ ಎಂಬ ಸಲಹೆಯೂ ಕೇಳಿಬರುತ್ತಿದೆ. ಅಭಿಯಾನ ಒಳ್ಳೆಯದು, ಬರಲೇಬೇಕಿತ್ತು. ಆದರೆ ಕಾರ್ಡ್ ಬಗ್ಗೆ ನನಗೆ ಆತಂಕ ಇದೆ. ವಾಹಕರು ರೋಗಿಗಳಲ್ಲ ಅನ್ನುವುದು ಊರಿನವರ ತಲೆಗೆ ಹೋಗುವ ಮೊದಲೇ ಕಾರ್ಡ್ ಕೈಗೆ ಬಂದರೆ, ಮಾತು ಕೇಳಬೇಕಾಗುವುದು ಹುಡುಗಿಯರೇ. ಜಮೈಕಾದ ಮ್ಯಾಂಚೆಸ್ಟರ್ ಪ್ರಾಂತದಲ್ಲೂ 2007ರಿಂದ ಹೈಸ್ಕೂಲು ಮಕ್ಕಳಿಗೆ ಪರೀಕ್ಷೆ ಮಾಡಿ ಕಾರ್ಡ್ ಕೊಟ್ಟರು. ಅಲ್ಲಿ ಪಾಠವೂ ಪರೀಕ್ಷೆಯ ಜೊತೆಗೇ ಬಂತು.

ಇನ್ನೂ ಒಂದು ವಿಷಯ ಇದೆ. ಹಾಡಿಗಳಲ್ಲಿ, ಪೋಡುಗಳಲ್ಲಿ ಮೊದಲ ಹಂತದಲ್ಲಿ ಬಳಸುವ ಸಾಲ್ಯುಬಿಲಿಟಿ ಟೆಸ್ಟ್ ಹಸುಗೂಸುಗಳಿಗೆ ಆಗಿಬರುವುದಿಲ್ಲ. ಅವರ ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ ತುಂಬಿರುವುದರಿಂದ ಸಿಕಲ್ ಇದ್ದರೂ ಇಲ್ಲ ಎಂದು ತೋರಿಸಬಹುದು. ರಕ್ತದಲ್ಲಿರುವ ಬೇರೆ ಬೇರೆ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಂಥ ಯಂತ್ರದಲ್ಲೇ ನೋಡಬೇಕು. ಆ ಯಂತ್ರ ಭ್ರೂಣದ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ಹೇಳುತ್ತದೆ. ಕಾಯಿಲೆ ಇರುವವರ ಕಾರ್ಡಿನ ಮೇಲೆ ಆ ಅಂಕಿಯನ್ನೂ ಬರೆದರೆ ಮುಂದೆ ನೋಡುವ ವೈದ್ಯರಿಗೆ ಎಷ್ಟು ಅನುಕೂಲ! ಚಾಮರಾಜನಗರದ ಕಡೆ ಹೆರಿಗೆಯಾಗುವ ಆಸ್ಪತ್ರೆಗಳಲ್ಲೇ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಕಳಿಸುವ ವ್ಯವಸ್ಥೆ ಆಗಬೇಕು. ಗುಲ್ಮ ಮುಟ್ಟಿ ನೋಡುವುದನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಬೇಕು, ಅವರು ತಾಯಂದಿರಿಗೆ ಕಲಿಸಬೇಕು. ನಮ್ಮಲ್ಲಿ ಗುಲ್ಮ ದೊಡ್ಡವರಾಗುವವರೆಗೂ ಉಳಿಯುತ್ತದೆ ಅಂದರೆ, ರಕ್ತ ಅದರೊಳಗೆ ತುಂಬಿಕೊಳ್ಳುವ ಅಪಾಯವೂ ಅಷ್ಟು ವರ್ಷ ಉಳಿಯುತ್ತದೆ. ಜಮೈಕಾಕ್ಕಿಂತ ಈ ಪಾಠ ನಮಗೇ ಜಾಸ್ತಿ ಬೇಕು.